ಪಲ್ಪರ್ ರಿಪೇರಿಯವನಿಗೆ ಲಿಂಕ್ಡ್‌ಇನ್ ಯಾಕೆ?

ನವೆಂಬರ್ ಬಂತೆಂದರೆ ನನ್ನ ಫೋನ್ ಸಂಜೆ ಆರರ ಮೇಲೇ ಜಾಸ್ತಿ ಬಡಿದುಕೊಳ್ಳುತ್ತದೆ. ಕೊಯ್ದ ಕಾಫಿ ಹಣ್ಣನ್ನು ಅವತ್ತೇ ಪಲ್ಪರ್‌ಗೆ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ಬೇರೆ ಮಾಡುವ ಮಿಷನ್‌ಗೆ, ಹಾಕಬೇಕು. ಹಾಗೇ ಬಿಟ್ಟರೆ ರಾಶಿಯೊಳಗೇ ಬಿಸಿಯಾಗಿ ಹುಳಿಯಲು ಶುರುವಾಗುತ್ತದೆ. ಪಲ್ಪರ್ ಕೈಕೊಡುವುದೂ ಸರಿಯಾಗಿ ಅದೇ ಹೊತ್ತಿಗೆ. ಚಿಕ್ಕಮಗಳೂರಿನಲ್ಲಿ ತೋಟದ ಮಿಷನ್ ಮಾರುವ ಅಂಗಡಿಯೊಂದರಲ್ಲಿ ನಾನು ಸರ್ವಿಸ್ ನೋಡಿಕೊಳ್ಳುತ್ತೇನೆ. ಪಲ್ಪರ್, ಬೀಜದ ಅಂಟು ತೊಳೆಯುವ ವಾಷರ್, ಸ್ಪ್ರಿಂಕ್ಲರ್ ಪಂಪ್‌ಸೆಟ್, ಕಳೆ ಕೊಚ್ಚುವ ಮಿಷನ್. ಕೈಕೆಳಗೆ ಆರು ಜನ ಹುಡುಗರಿದ್ದಾರೆ.

"ಪಲ್ಪರ್ ರಿಪೇರಿ ಮಾಡೋರಿಗೆ ಲಿಂಕ್ಡ್‌ಇನ್ ಯಾಕೆ ಭಾವ?" ಅಂತ ನನ್ನ ಹೆಂಡತಿಯ ತಮ್ಮ ನಕ್ಕಿದ್ದ. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಕೆಲಸದ ಪರಿಚಯಕ್ಕೇ ಇರುವ ಆ ಆ್ಯಪ್ ಟೈ ಕಟ್ಟಿದವರಿಗೆ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಈ ಆರೇಳು ವರ್ಷದಲ್ಲಿ ನನಗೆ ಸಿಕ್ಕ ಹೊಸ ಗಿರಾಕಿಗಳು, ಕೊಯಮತ್ತೂರಿನ ಒಬ್ಬ ಸ್ಪೇರ್ ಪಾರ್ಟ್ಸ್‌ನವರು, ಇಬ್ಬರು ಒಳ್ಳೆ ಮೆಕ್ಯಾನಿಕ್ ಹುಡುಗರು, ಎಲ್ಲರೂ ಫೋನಿನ ದಾರಿಯಲ್ಲೇ ಬಂದವರು. ಅದೇ ದಾರಿಯಲ್ಲಿ ಒಬ್ಬ ಹಳೇ ಗಿರಾಕಿಯನ್ನು ಕಳೆದುಕೊಂಡೂ ಇದ್ದೇನೆ. ಎರಡನ್ನೂ ಹೇಳುತ್ತೇನೆ.

ಮೊದಲು ನೋಡಬೇಕಾದ್ದು, ನಿಮ್ಮ ಕೆಲಸಕ್ಕೆ ಬೇಕಾದವರು ಯಾವ ಆ್ಯಪ್‌ನಲ್ಲಿ ಹೊತ್ತು ಕಳೆಯುತ್ತಾರೆ ಅಂತ. ನಮ್ಮ ಕಡೆ ಲೆಕ್ಕ ಹೀಗಿದೆ. ತೋಟದ ಲೆಕ್ಕ ಬರೆಯುವ ರೈಟರ್‌ಗಳು, ಮೇಸ್ತ್ರಿಗಳು ವಾಟ್ಸಾಪ್ ಬಿಟ್ಟು ಅಲ್ಲಾಡುವುದಿಲ್ಲ. ಅರವತ್ತು ದಾಟಿದ ಗೌಡರು ಫೇಸ್‌ಬುಕ್ಕಿನಲ್ಲಿ ಸಿಗುತ್ತಾರೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ದಿನ "ನಮ್ಮಲ್ಲಿ 80 ಸೆಂಟ್ಸ್, ನಿಮ್ಮಲ್ಲಿ?" ಅಂತ (ನಮ್ಮ ಕಡೆ ಮಳೆ ಅಳೆಯುವುದು ಸೆಂಟ್ಸ್‌ನಲ್ಲಿ, ನೂರು ಸೆಂಟ್ಸ್ ಅಂದರೆ ಒಂದು ಇಂಚು) ಒಬ್ಬರು ಹಾಕಿದರೆ ಕೆಳಗೆ ಸಾಲುಗಟ್ಟಿ ಉತ್ತರ ಬರುತ್ತದೆ. ಊರಿಗೆ ವಾಪಸ್ ಬಂದ ಅವರ ಮಕ್ಕಳು, ಹೋಂಸ್ಟೇ ನಡೆಸುವವರು ಇನ್‌ಸ್ಟಾಗ್ರಾಂನಲ್ಲಿ. ಮಿಷನ್ ಕಂಪನಿಗಳವರು, ಎಕ್ಸ್‌ಪೋರ್ಟ್‌ನವರು, ಒಣಗಿದ ಕಾಫಿಯ ಹೊಟ್ಟು ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನ ಮ್ಯಾನೇಜರ್‌ಗಳು, ಎಚ್‌ಆರ್‌ನವರು ಲಿಂಕ್ಡ್‌ಇನ್‌ನಲ್ಲಿ. ನಾನು ಹಿಡಿದದ್ದು ಎರಡೇ, ವಾಟ್ಸಾಪ್ ಮತ್ತು ಲಿಂಕ್ಡ್‌ಇನ್. ಫೇಸ್‌ಬುಕ್ ಮನೆಯವರಿಗೆ ಮಾತ್ರ, ಪ್ರೊಫೈಲ್ ಲಾಕ್ ಹಾಕಿಟ್ಟಿದ್ದೇನೆ.

ನೀವು ಯಾವ ಕಡೆಯವರು?

ಲಿಂಕ್ಡ್‌ಇನ್ 2003ರಿಂದ ಇದೆ. ನಾನು ಖಾತೆ ತೆರೆದದ್ದು 2018ರಲ್ಲಿ. ತೆರೆದು ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ಫೋಟೋ ಜಾಗದಲ್ಲಿ ತಂಗಿ ಮದುವೆಯಲ್ಲಿ ಪೇಟ ಕಟ್ಟಿಕೊಂಡ ಫೋಟೋ. ಹೆಸರಿನ ಕೆಳಗೆ "ಡಿಪ್ಲೊಮಾ ಮೆಕ್ಯಾನಿಕಲ್, ಹಾರ್ಡ್ ವರ್ಕರ್" ಅಂತ ಇಂಗ್ಲಿಷಿನಲ್ಲಿ. ನಾನು ಸೋಮಾರಿ ಅಂತ ಯಾರು ತಾನೇ ಬರೆದುಕೊಳ್ಳುತ್ತಾರೆ?

ನಮ್ಮೂರಲ್ಲಿ ಹೊಸಬರು ಸಿಕ್ಕರೆ ಮೊದಲು ಕೇಳುವುದು "ನೀವು ಯಾವ ಕಡೆಯವರು?" ಅಂತ. ಆಮೇಲೆ "ಏನ್ ಮಾಡ್ಕೊಂಡಿದೀರಿ?" ಅಂತ. ಹೆಸರಿನ ಕೆಳಗಿನ ಹೆಡ್‌ಲೈನ್ ಈ ಎರಡಕ್ಕೆ ಉತ್ತರ ಕೊಟ್ಟರೆ ಸಾಕು. ಅಲ್ಲಿ 220 ಅಕ್ಷರಕ್ಕೆ ಜಾಗ ಇದೆ, ಅರ್ಧ ತುಂಬಿದರೂ ಜಾಸ್ತಿಯೇ. ನನ್ನದು ಈಗ ಹೀಗಿದೆ: "ಚಿಕ್ಕಮಗಳೂರು, ಹಾಸನ ಕಾಫಿ ತೋಟಗಳಲ್ಲಿ ಪಲ್ಪರ್, ವಾಷರ್, ಪಂಪ್‌ಸೆಟ್ ಸರ್ವಿಸ್. 17 ಸೀಸನ್." ಇದನ್ನೇ ಇಂಗ್ಲಿಷಿನಲ್ಲೂ ಒಂದು ಸಾಲು ಹಾಕಿದ್ದೇನೆ. ಹುಡುಕುವವರು ಪಲ್ಪರ್ ಅಂತ ಟೈಪ್ ಮಾಡಿ ಹುಡುಕುತ್ತಾರೆ. ಹಾರ್ಡ್ ವರ್ಕರ್ ಅಂತ ಯಾರೂ ಹುಡುಕುವುದಿಲ್ಲ.

ಫೋಟೋಗೆ ಸ್ಟುಡಿಯೋ ಬೇಡ. ನನ್ನದು ವರ್ಕ್‌ಶಾಪ್ ಶಟರ್ ಮುಂದೆ, ಬೆಳಗ್ಗೆ ಎಂಟೂವರೆ ಬೆಳಕಲ್ಲಿ ನಮ್ಮ ಹುಡುಗನೊಬ್ಬ ತೆಗೆದದ್ದು. ಮುಖ ಕಾಣಬೇಕು, ಅಷ್ಟೇ. ಗಿರಿ ಮೇಲೆ ನಿಂತು ತೆಗೆಸಿಕೊಂಡ ಫೋಟೋದಲ್ಲಿ ಮಂಜು ಕಾಣುತ್ತದೆ, ನೀವು ಕಾಣುವುದಿಲ್ಲ.

ಅನುಭವದ ಜಾಗದಲ್ಲಿ ದೊಡ್ಡ ದೊಡ್ಡ ಶಬ್ದ ಬೇಡ, ಲೆಕ್ಕ ಬೇಕು. ನಮ್ಮ ಅಕೌಂಟ್ಸ್ ಮೇಡಂ "ಅಕೌಂಟ್ಸ್ ವಿಭಾಗದ ಹೊಣೆ" ಅಂತ ಬರೆದು ಬಿಟ್ಟಿದ್ದರು. ಒಂದು ಮಳೆಗಾಲದ ಮಧ್ಯಾಹ್ನ, ಅಂಗಡಿಯಲ್ಲಿ ನೊಣವೂ ಇಲ್ಲದ ಹೊತ್ತಲ್ಲಿ, ಇಬ್ಬರೂ ಕೂತು ತಿದ್ದಿದೆವು: "ಸೀಸನ್‌ನಲ್ಲಿ ದಿನಕ್ಕೆ 40 ಬಿಲ್. ಟ್ಯಾಲಿ. ಜಿಎಸ್‌ಟಿ ರಿಟರ್ನ್. ತೋಟದವರ ವರ್ಷದ ಬಾಕಿ ವಸೂಲಿ." ಓದಿದವರಿಗೆ ಆ ಮೇಜು, ಆ ಗಲಾಟೆ ಕಣ್ಣಿಗೆ ಬರುತ್ತದೆ. ಒಂದು ಎಚ್ಚರ. ಹೀಗೆ ತಿದ್ದುವ ಮೊದಲು ಸೆಟ್ಟಿಂಗ್ಸ್‌ನಲ್ಲಿ, ಬದಲಾವಣೆಯನ್ನು ಪರಿಚಯದವರಿಗೆಲ್ಲ ತಿಳಿಸುವ ಸ್ವಿಚ್ ಆಫ್ ಮಾಡಿಕೊಳ್ಳಿ. ಮೇಡಂ ಮಾಡಿರಲಿಲ್ಲ. ಸಾಯಂಕಾಲ ಮಾಲೀಕರು ಬಂದು "ಏನಮ್ಮ, ಬೇರೆ ಕಡೆ ನೋಡ್ತಿದೀಯಾ?" ಅಂದರು. ಮೇಡಂ ನೋಡುತ್ತಿರಲಿಲ್ಲ. ಆದರೂ ಒಂದು ವಾರ ಅಂಗಡಿಯಲ್ಲಿ ಗಾಳಿ ಸರಿಯಿರಲಿಲ್ಲ.

ಪಲ್ಯ ಬಡಿಸುವ ಮೊದಲೇ ಕೇಳಬೇಡಿ

2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಅರಮನೆಯಲ್ಲಿ ವಿಶ್ವ ಕಾಫಿ ಸಮ್ಮೇಳನ ನಡೆಯಿತು. ಒಂದು ದಿನದ ಮಟ್ಟಿಗೆ ಸ್ಟಾಲ್‌ಗಳನ್ನು ನೋಡಲು ಹೋಗಿದ್ದೆ. 31 ವಿಸಿಟಿಂಗ್ ಕಾರ್ಡ್ ಸಿಕ್ಕವು. ಪ್ರತಿ ಕಾರ್ಡಿನ ಹಿಂದೆ ಏನು ಮಾತಾಡಿದೆವು ಅಂತ ಅಲ್ಲೇ ನಿಂತು ಎರಡು ಶಬ್ದ ಗೀಚಿದೆ. "ವಾಷರ್, ನೀರು." "ಮೋಟರ್, ಸಿಂಗಲ್ ಫೇಸ್." ವಾಪಸ್ ಬರುವ ಬಸ್ಸಿನಲ್ಲೇ ಲಿಂಕ್ಡ್‌ಇನ್ ತೆಗೆದು ಒಬ್ಬೊಬ್ಬರನ್ನೇ ಹುಡುಕಿದೆ. ಹಾಸನ ಬರುವಷ್ಟರಲ್ಲಿ ಮುಗಿಯಿತು. ನಾಳೆ ಮಾಡೋಣ ಅಂದಿದ್ದರೆ ಆ ಕಾರ್ಡುಗಳು ಇವತ್ತಿಗೂ ಡ್ರಾಯರ್‌ನಲ್ಲಿ ಇರುತ್ತಿದ್ದವು.

ಕನೆಕ್ಟ್ ಒತ್ತುವಾಗ ಜೊತೆಗೊಂದು ಚೀಟಿ ಬರೆಯಲು ಬಿಡುತ್ತದೆ. ದುಡ್ಡು ಕಟ್ಟದ ಖಾತೆಗೆ 200 ಅಕ್ಷರ, ಅದೂ ತಿಂಗಳಿಗೆ ಕೆಲವೇ ಚೀಟಿ. ಹಾಗಾಗಿ ನಿಜವಾಗಿ ಬೇಕಾದವರಿಗೆ ಮಾತ್ರ ಖರ್ಚು ಮಾಡಬೇಕು. ನಾನು ಬರೆದದ್ದು: "ನಮಸ್ಕಾರ ಸಾರ್. ಇವತ್ತು ನಿಮ್ಮ ಸ್ಟಾಲ್‌ನಲ್ಲಿ ವಾಷರ್‌ಗೆ ಎಷ್ಟು ನೀರು ಬೇಕು ಅಂತ ಕೇಳಿದ ಚಿಕ್ಕಮಗಳೂರಿನವನು. ಪರಿಚಯ ಇರಲಿ ಅಂತ." ಹನ್ನೊಂದು ಜನ ಒಪ್ಪಿಕೊಂಡರು. ನಾಲ್ಕು ಜನ ಈಗಲೂ ಮಾತಾಡುತ್ತಾರೆ. ಅದೇ ಜಾಸ್ತಿ.

ಒಪ್ಪಿಕೊಂಡ ಕೂಡಲೇ ಕೆಲಸ ಕೇಳುವುದು, ರೇಟ್ ಪಟ್ಟಿ ಕಳಿಸುವುದು ಮಾಡಬೇಡಿ. ಮದುವೆ ಊಟಕ್ಕೆ ಕೂತಾಗ ಪಕ್ಕದ ಎಲೆಯವರ ಹತ್ತಿರ ಪಲ್ಯ ಬಡಿಸುವ ಮೊದಲೇ ಸಾಲ ಕೇಳುತ್ತೀರಾ? ಅವರು ಏನಾದರೂ ಬರೆದಾಗ ನಿಮಗೆ ಗೊತ್ತಿರುವ ಒಂದು ವಿಷಯ ಸೇರಿಸಿ. "ಸೂಪರ್ ಸಾರ್" ಅನ್ನುವುದು ಲೆಕ್ಕಕ್ಕಿಲ್ಲ. ಕೊಯಮತ್ತೂರಿನವರು ಒಮ್ಮೆ ಹೊಸ ಬೇರಿಂಗ್ ಬಗ್ಗೆ ಹಾಕಿದ್ದರು. "ನಮ್ಮ ಕಡೆ ಪಲ್ಪರ್ ಹತ್ತಿರ ಯಾವಾಗಲೂ ನೀರು ಸಿಡಿಯುತ್ತೆ, ಸೀಲ್ ಇಲ್ಲದ್ದು ಒಂದು ಸೀಸನ್ ಬಾಳಲ್ಲ" ಅಂತ ಕೆಳಗೆ ಬರೆದೆ. ಮಾರನೇ ದಿನ ಅವರೇ ಫೋನ್ ನಂಬರ್ ಕೇಳಿದರು.

ಇನ್ನು ಕೇಳುವ ರೀತಿ. ನನಗೇ ಬಂದ ಎರಡು ಮೆಸೇಜ್ ಹೇಳುತ್ತೇನೆ. ಒಬ್ಬ ಹುಡುಗ "ಹಾಯ್" ಅಂದ. ಅರ್ಧ ಗಂಟೆ ಬಿಟ್ಟು "ಸರ್". ಮಾರನೇ ದಿನ "ಇದ್ದೀರಾ". ನಾನು ಇದ್ದೆ, ಮಿಷನ್ ಕೆಳಗೆ ಮಲಗಿದ್ದೆ. ಇನ್ನೊಬ್ಬ ಬರೆದದ್ದು ಹೀಗೆ: "ಸಾರ್, ಐಟಿಐ ಫಿಟ್ಟರ್ ಮುಗಿಸಿದೀನಿ. ಆಲ್ದೂರಲ್ಲಿ ಮನೆ. ಬೈಕ್, ಲೈಸೆನ್ಸ್ ಇದೆ. ಈ ಸೀಸನ್‌ಗೆ ಮಾತ್ರ ಆದ್ರೂ ಸರಿ, ಬರಬಹುದಾ?" ನನಗೆ ಬೇಕಿದ್ದ ಅಷ್ಟೂ ವಿಷಯ ಅದರಲ್ಲಿತ್ತು. "ಸೋಮವಾರ ಎಂಟಕ್ಕೆ ಬಾ" ಅಂದೆ. ಅವನು ಒಂದಲ್ಲ, ಮೂರು ಸೀಸನ್ ನಮ್ಮ ಜೊತೆಗಿದ್ದ.

ಐವತ್ತು ಬೀಜ

ಪೋಸ್ಟ್ ಏನು ಹಾಕುವುದು ಅನ್ನುವುದೇ ಎಲ್ಲರ ಕಷ್ಟ. ನನ್ನ ಮೊದಲ ಪೋಸ್ಟ್ ಒಂದು ಹಿಡಿ ಕಾಫಿ ಬೀಜದ ಫೋಟೋ.

ಮಲ್ಲಂದೂರು ಕಡೆಯ ಒಂದು ತೋಟ. ಪಲ್ಪರ್‌ನಿಂದ ಬೀಳುತ್ತಿದ್ದ ಪಾರ್ಚ್‌ಮೆಂಟಿನಲ್ಲಿ (ಸಿಪ್ಪೆ ಹೋಗಿ ಒಳಹೊಟ್ಟು ಉಳಿದ ಬೀಜ) ಒಂದು ಹಿಡಿ ತೆಗೆದು, ತೊಳೆದು, ಅಂಗೈ ಮೇಲೆ ಹರಡಿದೆ. ಐವತ್ತು ಬೀಜ ಎಣಿಸಿದೆ. ಏಳು ಬೀಜಕ್ಕೆ ಏಟು ಬಿದ್ದಿತ್ತು, ಉಗುರಲ್ಲಿ ಗೀರಿದ ಹಾಗೆ. ಇದಕ್ಕೆ ಪಲ್ಪರ್ ಕಟ್ ಅನ್ನುತ್ತೇವೆ. ಡಿಸ್ಕಿಗೂ ಬಾರ್‌ಗೂ ನಡುವಿನ ಸಂದು ಕಿರಿದಾದರೆ ಬೀಜಕ್ಕೆ ಏಟು. ಸಂದು ಜಾಸ್ತಿಯಾದರೆ ಹಣ್ಣು ಸಿಪ್ಪೆ ಬಿಡದೆ ಹಾಗೇ ಈಚೆ ಬರುತ್ತದೆ. ಬೋಲ್ಟನ್ನು ಒಂಚೂರು ಸಡಿಲಿಸಿದೆ, ಮತ್ತೆ ಐವತ್ತು ಎಣಿಸಿದೆ. ಈ ಸಲ ಒಂದೇ. ಎರಡು ಅಂಗೈ ಫೋಟೋ ಅಕ್ಕಪಕ್ಕ ಇಟ್ಟು ಐದು ಸಾಲು ಬರೆದೆ. ಹಣ್ಣಿನ ಗಾತ್ರ ಸೀಸನ್ ಉದ್ದಕ್ಕೂ ಒಂದೇ ಇರಲ್ಲ, ಸೆಟ್ಟಿಂಗೂ ಒಂದೇ ಇರಬಾರದು, ವಾರಕ್ಕೊಮ್ಮೆ ಒಂದು ಹಿಡಿ ಎಣಿಸಿ ನೋಡಿ ಅಂತ.

14 ಲೈಕ್ ಬಂತು. ಅದರಲ್ಲಿ ನಾಲ್ಕು ನೆಂಟರದ್ದು. ಮೂರನೇ ದಿನ ಸಕಲೇಶಪುರ ಕಡೆಯ ಎಸ್ಟೇಟ್ ಮ್ಯಾನೇಜರ್ ಒಬ್ಬರ ಮೆಸೇಜ್: "ನಮ್ಮಲ್ಲಿ ಐವತ್ತಕ್ಕೆ ಹನ್ನೊಂದು. ಯಾವತ್ತು ಬರ್ತೀರಿ?"

ಅವತ್ತಿಂದ ನನ್ನ ಪದ್ಧತಿ ಅದೇ. ಒಂದು ಕೆಲಸ, ಒಂದು ಫೋಟೋ, ಓದಿದವರು ನಾಳೆ ಬೆಳಗ್ಗೆ ತಾವೇ ಮಾಡಿ ನೋಡಬಹುದಾದ ಒಂದು ವಿಷಯ. ತಿಂಗಳಿಗೆ ಎರಡು ಸಾಕು. ತೋಟದೊಳಗೆ ಸಿಗ್ನಲ್ ಇರುವುದಿಲ್ಲ, ಹಾಗಾಗಿ ಅಲ್ಲೇ ನೋಟ್ಸ್‌ನಲ್ಲಿ ಬರೆದಿಟ್ಟುಕೊಂಡು ಕೈಮರಕ್ಕೆ ಬಂದ ಮೇಲೆ ಹಾಕುತ್ತೇನೆ. ಆ ಅರ್ಧ ಗಂಟೆಯಲ್ಲಿ ಒಂದೆರಡು ಬೇಡದ ಸಾಲು ಕಣ್ಣಿಗೆ ಬೀಳುತ್ತವೆ, ಅದೂ ಒಳ್ಳೆಯದೇ. ಈಗೀಗ ಎಐ ಹತ್ತಿರ ಬರೆಸಿದ ಪೋಸ್ಟುಗಳು ಜಾಸ್ತಿ ಆಗಿವೆ. ಪ್ರತಿ ಸಾಲಿಗೂ ಒಂದು ರಾಕೆಟ್, ಒಂದು ಬೆಂಕಿ. ನಮ್ಮ ಹುಡುಗನೊಬ್ಬ ಗ್ರೀಸ್ ಹಾಕಿದ್ದಕ್ಕೂ ಹಾಗೆ ಒಂದು ಬರೆಸಿದ್ದ. ಗ್ರೀಸ್ ಎಲ್ಲಿಗೆ ಹಾಕಿದ ಅಂತ ಮಾತ್ರ ಅದರಲ್ಲಿರಲಿಲ್ಲ.

ಇಲ್ಲೊಂದು ತಪ್ಪು ಮಾಡಿದ್ದೇನೆ. ಒಂದು ಜನವರಿಯಲ್ಲಿ ವಾಷರ್ ಕೂರಿಸಿದ ಖುಷಿಗೆ ಫೋಟೋ ಹಾಕಿದೆ. ಹಿಂದೆ ಕಣದ ತುಂಬ ಕಾಫಿ, ಪಕ್ಕದಲ್ಲಿ ಮೂಟೆ, ಮೂಲೆಯಲ್ಲಿ ತೋಟದ ಹೆಸರಿನ ಬೋರ್ಡು. ರಾತ್ರಿ ಒಂಬತ್ತಕ್ಕೆ ತೋಟದವರ ಫೋನ್. "ನಮ್ಮ ಕಣದಲ್ಲಿ ಎಷ್ಟು ಮೂಟೆ ಇದೆ ಅಂತ ಊರಿಗೆಲ್ಲ ಸಾರಿಬಿಟ್ರಲ್ಲ ಮಾರಾಯ್ರೆ!" ಕಾಫಿಗೆ ಬೆಲೆ ಏರಿದ ಮೇಲೆ ಕಣದಲ್ಲಿ ರಾತ್ರಿ ಕಾವಲು ಮಲಗುವ ಕಾಲ ಇದು. ಅವರ ಸಿಟ್ಟು ನ್ಯಾಯವೇ. ಆಗಲೇ ತೆಗೆದೆ. ಈಗ ಫೋಟೋಗೆ ಮೊದಲು ಕೇಳುತ್ತೇನೆ, ಬೋರ್ಡು, ಕಣ, ಗಾಡಿ ನಂಬರ್ ಬರದ ಹಾಗೆ ತೆಗೆಯುತ್ತೇನೆ, ಹಾಕುವುದು ಆ ಸರಕು ಕ್ಯೂರಿಂಗ್‌ಗೆ ಹೋದ ಮೇಲೆ. ವಾಟ್ಸಾಪ್‌ನಲ್ಲಿ ಫೋಟೋವನ್ನು ಡಾಕ್ಯುಮೆಂಟ್ ಮಾಡಿ ಕಳಿಸಿದರೆ, ಕ್ಯಾಮೆರಾ ಲೊಕೇಶನ್ ಆನ್ ಇದ್ದಲ್ಲಿ ಅದೂ ಫೋಟೋದ ಜೊತೆ ಹೋಗುತ್ತದೆ. ಗೊತ್ತಿರಲಿ. ನಿಮ್ಮ ಕೆಲಸ ಆಸ್ಪತ್ರೆಯದ್ದೋ ಬ್ಯಾಂಕಿನದ್ದೋ ಆದರೆ ಹಿಂದೆ ಕಾಣುವ ಕಂಪ್ಯೂಟರ್ ಪರದೆಯೇ ನಿಮ್ಮ ಕಣ.

ಅಂಗಡಿಯೊಳಗಿನ ಗ್ರೂಪು

ನಮ್ಮಲ್ಲಿ ಎರಡು ವಾಟ್ಸಾಪ್ ಗ್ರೂಪ್ ಇದ್ದವು. "ಸರ್ವಿಸ್ ಹುಡುಗರು" ಅಂತ ಒಂದು, ಅದು ನಮ್ಮದೇ. "ಸರ್ವಿಸ್ ಬುಕಿಂಗ್" ಅಂತ ಇನ್ನೊಂದು, ಅದರಲ್ಲಿ ತೋಟದ ರೈಟರ್‌ಗಳು, ಸಾಹುಕಾರರು ಎಲ್ಲ. ಹೆಸರಲ್ಲೇ ಅಪಾಯ ಕಾಣುತ್ತಿದೆ ಅಲ್ವಾ?

ಒಂದು ರಾತ್ರಿ ಹತ್ತೂವರೆಗೆ ಮನೆಗೆ ಬರುತ್ತಿದ್ದೆ, ಊಟ ಇಲ್ಲ, ಕೈಯೆಲ್ಲ ಜಿಡ್ಡು. ಹುಡುಗರ ಗ್ರೂಪಿಗೆ ಅಂದುಕೊಂಡು, ಒಂದು ತೋಟದ ಸಾಹುಕಾರರ ಬಗ್ಗೆ 48 ಸೆಕೆಂಡಿನ ಒಂದು ವಾಯ್ಸ್ ಮೆಸೇಜ್ ಹಾಕಿದೆ. "ಆ ಮನುಷ್ಯನಿಗೆ ಮಿಷನ್‌ಗೆ ಎಣ್ಣೆ ಬಿಡೋಕೂ ಬರಲ್ಲ, ಬಿಲ್ ಕೊಡುವಾಗ ಮಾತ್ರ ಲೆಕ್ಕ ಬರುತ್ತೆ" ಅನ್ನುವ ಧಾಟಿಯಲ್ಲಿ. ಹೋಗಿದ್ದು ಬುಕಿಂಗ್ ಗ್ರೂಪಿಗೆ. ನೋಡಿದಾಗ ಹನ್ನೊಂದು ನಿಮಿಷ ಆಗಿತ್ತು. ಎಲ್ಲರಿಗೂ ಅಳಿಸಿದೆ. ಅಷ್ಟರಲ್ಲಿ ಮೂವರು ಕೇಳಿಯಾಗಿತ್ತು, ಅದರಲ್ಲಿ ಒಬ್ಬ ಆ ತೋಟದ ರೈಟರೇ. ಟೈಪ್ ಮಾಡಿದ್ದನ್ನಾದರೆ ಹದಿನೈದು ನಿಮಿಷದೊಳಗೆ ತಿದ್ದಬಹುದು. ವಾಯ್ಸ್‌ಗೆ ಆ ಭಾಗ್ಯ ಇಲ್ಲ. ಎರಡು ದಿನದವರೆಗೂ ಅಳಿಸಬಹುದು, ಆದರೆ "ಈ ಮೆಸೇಜ್ ಅಳಿಸಲಾಗಿದೆ" ಅನ್ನುವ ಗುರುತು ಅಲ್ಲೇ ಕೂತಿರುತ್ತದೆ. ಮಾರನೇ ದಿನ ಬೆಳಗ್ಗೆ ಹತ್ತಕ್ಕೆ ಹೋಗಿ ಆ ಸಾಹುಕಾರರ ಎದುರು ನಿಂತು ತಪ್ಪಾಯ್ತು ಅಂದೆ. ಅವರು ಕಾಫಿ ಕೊಟ್ಟರು, ಒಂದು ಮಾತೂ ಎತ್ತಲಿಲ್ಲ. ಮುಂದಿನ ಸೀಸನ್‌ಗೆ ಬೇರೆ ಕಡೆಯವರನ್ನು ಕರೆಸಿಕೊಂಡರು.

ಆಮೇಲೆ ಮಾಡಿದ ಬದಲಾವಣೆ ಇವು. ನಮ್ಮ ಗ್ರೂಪಿನ ಹೆಸರು "ಸ್ಪಾನರ್", ಚಿತ್ರ ಕೆಂಪು. ಗಿರಾಕಿಗಳ ಗ್ರೂಪಿನ ಚಿತ್ರ ಹಸಿರು, ಅಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್, ಅಡ್ಮಿನ್ ನಾನಲ್ಲ, ಅಕೌಂಟ್ಸ್ ಮೇಡಂ. ಗ್ರೂಪಿನಲ್ಲಿ ವಾಯ್ಸ್ ಮೆಸೇಜ್ ಬಂದ್. ಯಾವ ತೋಟ, ಯಾವ ಮಿಷನ್, ಏನು ತೊಂದರೆ, ಒಂದೇ ಮೆಸೇಜ್‌ನಲ್ಲಿ ಬರೆಯಬೇಕು. ರಾತ್ರಿ ಎಂಟರ ಮೇಲೆ ತುರ್ತು ಇದ್ದರೆ ಫೋನ್, ಇಲ್ಲದಿದ್ದರೆ ಬೆಳಗ್ಗೆ. ರಜೆ ಬೇಕಾದವರು ನನಗೊಬ್ಬನಿಗೇ ಹಾಕಬೇಕು, ಗ್ರೂಪಿನಲ್ಲಿ ಹೊಟ್ಟೆನೋವಿನ ವರದಿ ಬೇಡ. ಬೈಗುಳವೂ ಹಾಗೇ, ಒಬ್ಬನ ತಪ್ಪನ್ನು ಆರು ಜನರೆದುರು ಬರೆಯುವುದಿಲ್ಲ. ಗುಡ್ ಮಾರ್ನಿಂಗ್ ಗುಲಾಬಿಗಳಿಗೆ ಬೇರೆ ಗ್ರೂಪ್ ಮಾಡಿಕೊಟ್ಟೆ, ನಾನು ಅದರಲ್ಲಿಲ್ಲ.

ಗ್ರೂಪಿನಲ್ಲಿ ನಂಬರ್ ಸಿಕ್ಕಿತು ಅಂತ ಹೆಣ್ಣುಮಕ್ಕಳಿಗೆ ರಾತ್ರಿ "ಊಟ ಆಯ್ತಾ" ಅಂತ ಕಳಿಸುವವರು ಎಲ್ಲ ಆಫೀಸಿನಲ್ಲೂ ಒಬ್ಬರಿರುತ್ತಾರೆ. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ 2013ರಲ್ಲೇ ಕಾನೂನು ಬಂದಿದೆ, ಬೇಡದ ಮಾತು ಮೆಸೇಜ್‌ನಲ್ಲಿ ಬಂದರೂ ಅದು ಕಿರುಕುಳವೇ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮಾಲೀಕರ ಫ್ರೆಂಡ್ ರಿಕ್ವೆಸ್ಟ್ ಬಂದರೆ ಏನು ಮಾಡಬೇಕು ಅಂತ ಹುಡುಗರು ಕೇಳುತ್ತಾರೆ. ಫೇಸ್‌ಬುಕ್ಕಿನಲ್ಲಾದರೆ ಸುಮ್ನೆ ಬಿಡಿ, ಲಿಂಕ್ಡ್‌ಇನ್‌ನಲ್ಲಾದರೆ ಒಪ್ಪಿಕೊಳ್ಳಿ.

ಬೇರೆ ಕೆಲಸ ಹುಡುಕುವಾಗ

ಲಿಂಕ್ಡ್‌ಇನ್‌ನಲ್ಲಿ ಫೋಟೋ ಸುತ್ತ ಹಸಿರು ಬಳೆ ಬರುತ್ತದಲ್ಲ, ಅದು ಕೆಲಸ ಹುಡುಕುತ್ತಿದ್ದೇನೆ ಅಂತ ಊರಿಗೆಲ್ಲ ಹೇಳುವುದು. ಈಗಿನ ಕೆಲಸದಲ್ಲಿ ಇದ್ದುಕೊಂಡೇ ಹುಡುಕುವವರು ಕೆಲಸ ಕೊಡುವವರಿಗೆ ಮಾತ್ರ ಕಾಣುವ ಆಯ್ಕೆ ಹಾಕಿಕೊಳ್ಳಿ. ಅದೂ ಪೂರ್ತಿ ಗುಟ್ಟಲ್ಲ, ಚಿಕ್ಕ ಊರಲ್ಲಿ ಗುಟ್ಟು ಎಷ್ಟು ದಿನ? ಯಾರದ್ದಾದರೂ ಪ್ರೊಫೈಲ್ ನೋಡಿದರೆ ಅವರಿಗೆ ನಿಮ್ಮ ಹೆಸರು ಕಾಣುತ್ತದೆ. ಬೇಡವಾದರೆ ಪ್ರೈವೇಟ್ ಮೋಡ್ ಇದೆ.

ದುಡ್ಡು ಕೇಳಿದರೆ ಅದು ಕೆಲಸ ಅಲ್ಲ. ನಮ್ಮ ಹುಡುಗನೊಬ್ಬ ಗಲ್ಫ್ ಕೆಲಸದ ಆಸೆಗೆ ಟೆಲಿಗ್ರಾಂನಲ್ಲಿ ಸಿಕ್ಕ ಯಾರಿಗೋ ರಿಜಿಸ್ಟ್ರೇಶನ್ ಫೀ ಅಂತ 4,500 ಕಟ್ಟಿ, ಎರಡು ದಿನ ಬಾಯಿ ಬಿಡಲಿಲ್ಲ. ಹಾಗೆ ಕಾಯಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ದಾರಿ ಇರುತ್ತದೆ. ನಂಬರ್ ನೆನಪಿಡುವುದು ನಮ್ಮೂರವರಿಗೆ ಸುಲಭ. ಮುಳ್ಳಯ್ಯನಗಿರಿ 1930 ಮೀಟರ್ ಅಂತ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ಅದೇ.

ಆಲ್ದೂರಿನ ಹುಡುಗ ಕಳೆದ ಮೇ ತಿಂಗಳಲ್ಲಿ ಮಂಗಳೂರಿಗೆ ಹೋದ. ಮೂರು ಸೀಸನ್ ಅವನ ಸ್ವಂತ ನಂಬರನ್ನೇ ತೋಟದವರು ಇಟ್ಟುಕೊಂಡಿದ್ದರು. ಪಂಪ್ ಕೆಟ್ಟರೆ ಈಗಲೂ ಅವನಿಗೇ ಫೋನ್. ಅದಾದ ಮೇಲೆ ಅಂಗಡಿಗೆ ಬೇರೆ ಸಿಮ್ ತೆಗೆದು ವಾಟ್ಸಾಪ್ ಬಿಸಿನೆಸ್ ಹಾಕಿದೆವು. ಅದಕ್ಕೆ ದುಡ್ಡಿಲ್ಲ. ಅಂಗಡಿ ಮುಚ್ಚಿದ ಮೇಲೆ ತಾನೇ ಉತ್ತರ ಕೊಡುತ್ತದೆ, ಯಾವ ಗಿರಾಕಿಯದ್ದು ಬಾಕಿ, ಯಾರದ್ದು ಮುಗಿದಿದೆ ಅಂತ ಲೇಬಲ್ ಹಚ್ಚಬಹುದು. ಈಗ ಯಾರು ಬಿಟ್ಟರೂ ಕೊನೇ ದಿನ ಗ್ರೂಪಿನ ಅಡ್ಮಿನ್ ಪಟ್ಟ ಇನ್ನೊಬ್ಬರಿಗೆ ಕೊಟ್ಟು, ಪಾಸ್‌ವರ್ಡ್ ಬದಲಿಸಿ, ಇನ್ನು ಮುಂದೆ ಇವರಿಗೆ ಮಾಡಿ ಅಂತ ಒಂದು ಸಾಲು ಹಾಕಿ ಹೋಗಬೇಕು.

ಆ ಹುಡುಗ ಹೋಗುವ ಮೊದಲು ಅವನ ಲಿಂಕ್ಡ್‌ಇನ್‌ಗೆ ನಾನು ಒಂದು ಶಿಫಾರಸು ಬರೆದಿದ್ದೆ. ಅಲ್ಲಿ ಅದಕ್ಕೇ ಒಂದು ಜಾಗ ಇದೆ. ಪ್ರಾಮಾಣಿಕ, ಶ್ರಮಜೀವಿ ಅಂತೆಲ್ಲ ಬರೆಯಲು ಹೋಗಲಿಲ್ಲ. "ರಾತ್ರಿ ಒಂಬತ್ತಕ್ಕೆ, ಸಾಹುಕಾರರು ತಲೆ ಮೇಲೆ ನಿಂತು ಬೇಗ ಬೇಗ ಅನ್ನುವಾಗಲೂ, ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಆಮೇಲೆ ಮುಚ್ಚಳ ಬಿಚ್ಚುವ ಹುಡುಗ" ಅಂತ ಬರೆದೆ. ಇಂಟರ್‌ವ್ಯೂನಲ್ಲಿ ಅದನ್ನು ಓದಿ, "ಆ ಸಾಹುಕಾರರು ಯಾರಪ್ಪ?" ಅಂತ ಕೇಳಿದರಂತೆ. ಇವನು ಹೇಳಲಿಲ್ಲವಂತೆ.